ದಿಯುವಿನ 'ಖುಕ್ರಿ' 1971ರಲ್ಲಿ ಮುಳುಗಿದ ಹಡಗಲ್ಲ

ದಿಯು ದ್ವೀಪದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಖುಕ್ರಿಯ ಫೋಟೋ ಹಾಕಿ, '1971ರಲ್ಲಿ ಪಾಕಿಸ್ತಾನ ಮುಳುಗಿಸಿದ ಹಡಗನ್ನು ಮೇಲೆತ್ತಿ ಇಟ್ಟಿದ್ದಾರೆ' ಎಂದು ಹಂಚುತ್ತಿದ್ದಾರೆ. ಇದು ತಪ್ಪು. ಆ ಹೆಸರಿನ ಹಡಗುಗಳು ಎರಡು.

ಮೊದಲನೆಯದು ಬ್ರಿಟನ್‌ನಲ್ಲಿ ಕಟ್ಟಿದ ಫ್ರಿಗೇಟ್ ಮಾದರಿಯ ಯುದ್ಧನೌಕೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರದ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪೆಡೊ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರ) ಅದಕ್ಕೆ ಬಡಿದು ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಆ ಹಡಗು ಇವತ್ತಿಗೂ ಸಮುದ್ರದ ತಳದಲ್ಲೇ ಇದೆ.

ಫೋಟೋದಲ್ಲಿರುವುದು ಎರಡನೆಯದು. ಮುಂಬೈನ ಹಡಗು ಕಾರ್ಖಾನೆ ಮಜಗಾಂವ್ ಡಾಕ್ ಕಟ್ಟಿದ ಕ್ಷಿಪಣಿ ಕಾರ್ವೆಟ್, ಅಂದರೆ ಕ್ಷಿಪಣಿ ಹಾರಿಸುವ ಸಣ್ಣ ಯುದ್ಧನೌಕೆ. 1989ರ ಆಗಸ್ಟ್‌ನಲ್ಲಿ ನೌಕಾಪಡೆ ಸೇರಿತು, 32 ವರ್ಷ ದುಡಿದು 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾಯಿತು. ಆಮೇಲೆ ದಿಯು ಆಡಳಿತಕ್ಕೆ ಕೊಟ್ಟರು. ಗುರುತು ಹಿಡಿಯೋದು ಸುಲಭ: ಇದರ ಸಂಖ್ಯೆ ಪಿ49, ಹಳೆಯದರದ್ದು ಎಫ್149.

ದಿಯುವಿನ ಸ್ಮಾರಕದಲ್ಲಿ ಗಾಜಿನೊಳಗೆ ಹಳೇ ಖುಕ್ರಿಯ ಮಾದರಿಯೂ ಇದೆ. ಗೊಂದಲ ಅಲ್ಲೂ ಆಗಬಹುದು, ಅಲ್ವಾ? ಆದರೆ ಅದು ಮಾದರಿ ಅಷ್ಟೇ. ಮುಳುಗಿದ ಜಾಗ ಆ 194 ಮಂದಿಯ ಸಮಾಧಿ. ಅದನ್ನು ಮೇಲೆತ್ತಿ ಪ್ರದರ್ಶನಕ್ಕೆ ಇಟ್ಟಿದ್ದಾರೆ ಅಂತ ಸುಮ್ನೆ ಹಬ್ಬಿಸಬೇಡಿ, ಹಾಕಿದ್ದರೆ ದಯವಿಟ್ಟು ತೆಗೆಯಿರಿ.