ಸತ್ಯಾಂಶ: ಸ್ಕ್ವಾಟ್ ಮಾಡಿದ್ರೆ ತೋಳೂ ಬೆಳೆಯುತ್ತಾ?

"ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಮಾಡಿದ್ರೆ ಸಾಕು, ಟೆಸ್ಟೋಸ್ಟಿರಾನ್ ಹಾರ್ಮೋನ್ ಏರಿ ತೋಳೂ ತಾನಾಗೇ ದಪ್ಪ ಆಗುತ್ತೆ, ಐಸೋಲೇಶನ್ (ಒಂದೇ ಸ್ನಾಯುಗೆ ಅಂತ ಮಾಡೋ ವ್ಯಾಯಾಮ) ಎಲ್ಲ ವೇಸ್ಟ್" ಅಂತ ಒಂದು ಮೆಸೇಜ್ ಓಡಾಡ್ತಿದೆ, ಅದು ಸರಿಯಲ್ಲ. ಹಾರ್ಮೋನ್ ಏರೋದೇನೋ ನಿಜ, ಆದ್ರೆ ಸ್ವಲ್ಪ ಹೊತ್ತಲ್ಲೇ ಇಳಿದುಬಿಡುತ್ತೆ, ಸ್ನಾಯು ಬೆಳೆಯೋದು ಅದರ ಮೇಲೇ ಬೀಳೋ ಭಾರದಿಂದ. ಸ್ಕ್ವಾಟನ್ನೇ ನೋಡಿ, ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಸೊಂಟ, ಮಂಡಿ ಎರಡೂ ಕೀಲು ದಾಟಿ ಹೋಗೋದ್ರಿಂದ ಕೂತಾಗ ಒಂದು ಕಡೆ ಎಳೆದು ಇನ್ನೊಂದು ಕಡೆ ಸಡಿಲ ಆಗುತ್ತೆ, ಉದ್ದ ಹೆಚ್ಚು ಬದಲಾಗಲ್ಲ, ಹಾಗಾಗಿ ಎಷ್ಟು ಸ್ಕ್ವಾಟ್ ಹೊಡೆದ್ರೂ ಅದು ಅಷ್ಟಾಗಿ ಬೆಳೆಯಲ್ಲ, ಲೆಗ್ ಕರ್ಲ್ (ಭಾರದ ವಿರುದ್ಧ ಮಂಡಿ ಮಡಚೋ ವ್ಯಾಯಾಮ) ಥರದ್ದು ಬೇಕಾಗುತ್ತೆ. ಆದ್ರೆ ಟೈಮ್ ಕಮ್ಮಿ ಇದ್ರೆ ಸ್ಕ್ವಾಟ್, ಡೆಡ್‌ಲಿಫ್ಟ್ ಥರದ ಕಾಂಪೌಂಡ್ ವ್ಯಾಯಾಮಕ್ಕೇ ಮೊದಲ ಜಾಗ ಕೊಡಿ, ಒಂದೇ ಸಲಕ್ಕೆ ಹಲವು ಸ್ನಾಯು ಕೆಲಸ ಮಾಡುತ್ವೆ, ಅದ್ರಲ್ಲಿ ಎರಡು ಮಾತಿಲ್ಲ. ಆಮೇಲೆ ಹಿಂದೆ ಬಿದ್ದಿರೋ ಸ್ನಾಯುಗೆ 2-3 ಸೆಟ್ ಐಸೋಲೇಶನ್ ಸೇರಿಸಿ.