ಶಲ್ಯಕ್ಕೆ ಹಾಕಿದ ಪಿನ್ನು

ಮೊನ್ನೆ ಭಾನುವಾರ ಬಂಧುಗಳೊಬ್ಬರ ಮನೆಯ ಮುಂಜಿಗೆ ಹೋಗಿದ್ದೆ. ಹದಿಮೂರು ದಾಟಿದ ವಟು ತನ್ನ ಶಲ್ಯಕ್ಕೆ ಭುಜದ ಬಳಿ ಒಂದು, ಪಕ್ಕೆಯ ಬಳಿ ಒಂದು ಪಿನ್ನು ಹಾಕಿಸಿಕೊಂಡು, ಮೊಣಕೈಗಳನ್ನು ಮೈಗೆ ಒತ್ತಿ ಕುಳಿತಿದ್ದ. ಫೋಟೋಗ್ರಾಫರ್ ಮಹಾಶಯರು ‘ಶಲ್ಯ ತೆಗಿ ಪುಟ್ಟ, ಜನಿವಾರ ಕಾಣ್ಬೇಕು’ ಎಂದರು. ಹುಡುಗ ಅಲುಗಲಿಲ್ಲ. ಹಿಂದಿನಿಂದ ಹಿರಿಯರೊಬ್ಬರು ‘ಅವನಿಗೊಂದು ರವಿಕೆ ಹೊಲಿಸಬೇಕಿತ್ತು ಕಣ್ರಯ್ಯಾ’ ಎಂದಾಗ ಮುಂದಿನ ಮೂರು ಸಾಲು ನಕ್ಕಿತು, ಹುಡುಗನ ಅಪ್ಪನೂ ನಕ್ಕ. ಆಮೇಲೆ ಊಟದ ಪಂಕ್ತಿಯಲ್ಲಿ ಮೂರನೆಯ ಸಲ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಒಬ್ಬರು ಪರಿಹಾರವನ್ನೂ ದಯಪಾಲಿಸಿದರು: ‘ದಿನಾ ಬೆಳಿಗ್ಗೆ ಓಡ್ಸಿ, ಕರಗುತ್ತೆ.’

ಕರಗುವುದಿಲ್ಲ ಸ್ವಾಮಿ. ನಾನು ಓಡಿದ್ದೇನೆ. ಹದಿನಾಲ್ಕರಿಂದ ಮೂವತ್ತರವರೆಗೆ ಓಡಿದ್ದೇನೆ. ಹೊಟ್ಟೆ ಕರಗಿತು, ಕೆನ್ನೆ ಕರಗಿತು, ಮೊಲೆ ಮಾತ್ರ ಇದ್ದಲ್ಲಿಯೇ ಇತ್ತು. (ಮೊಲೆ ಎಂಬ ಪದವನ್ನು ಕಂಡು ಮುಖ ಸಿಂಡರಿಸುವವರು ಇಲ್ಲಿಗೇ ಓದು ನಿಲ್ಲಿಸಬಹುದು, ಗಂಡಸಿಗೂ ಅದು ಇದೆ, ಕನ್ನಡದಲ್ಲಿ ಅದಕ್ಕೆ ಇರುವ ಹೆಸರೂ ಅದೇ.) ಏಕೆಂದರೆ ಅದು ಬರಿಯ ಕೊಬ್ಬಲ್ಲ, ಗ್ರಂಥಿ. ಹುಟ್ಟುವಾಗ ಎಲ್ಲ ಗಂಡುಮಕ್ಕಳಿಗೂ ಎದೆಯಲ್ಲಿ ಸ್ವಲ್ಪ ಸ್ತನದ ಅಂಗಾಂಶ ಇರುತ್ತದೆ. ಹರೆಯದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮತ್ತು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನುಗಳ ತೂಕ ಕೆಲಕಾಲ ಏರುಪೇರಾದಾಗ ಅದು ಬೆಳೆಯುತ್ತದೆ, ಮುಟ್ಟಿದರೆ ನೋಯುತ್ತದೆ. ವೈದ್ಯರು ಇದಕ್ಕೆ ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಗ್ರೀಕಿನಲ್ಲಿ ಹೆಣ್ಣು, ಮೊಲೆ ಎಂಬ ಎರಡು ಪದಗಳನ್ನು ಸೇರಿಸಿ ಕಟ್ಟಿದ ಹೆಸರು ಅದು. ಮುಂಜಿಮನೆಯ ಹಿರಿಯರ ಕುಹಕಕ್ಕಿಂತ ಬಹಳ ಭಿನ್ನವಾಗಿಯೇನೂ ಇಲ್ಲ.

ಕೊಬ್ಬೋ ಗ್ರಂಥಿಯೋ ಎಂದು ಮೇಲುನೋಟಕ್ಕೇ ತಿಳಿಯಲು ವೈದ್ಯರಿಗೆ ಎರಡು ಬೆರಳು ಸಾಕು. ಅಂಗಾತ ಮಲಗಿಸಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಬದಿಯಿಂದ ತೊಟ್ಟಿನ ಕಡೆಗೆ ತರುತ್ತಾರೆ. ತೊಟ್ಟಿನ ಸುತ್ತ ಗಟ್ಟಿ ರಬ್ಬರಿನ ಬಿಲ್ಲೆಯಂಥದ್ದು ಬೆರಳಿಗೆ ತಡೆದರೆ ಗ್ರಂಥಿ, ಏನೂ ತಡೆಯದಿದ್ದರೆ ಕೊಬ್ಬು. ಹಲವರಲ್ಲಿ ಎರಡೂ ಬೆರೆತಿರುತ್ತವೆ, ಏಕೆಂದರೆ ಮೈಯ ಕೊಬ್ಬೇ ಟೆಸ್ಟೋಸ್ಟೆರಾನಿನ ಒಂದು ಪಾಲನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಅರ್ಧ ನಿಮಿಷದ ಈ ಪರೀಕ್ಷೆಗೆ ಹೋಗಲು ನನಗೆ ಹದಿನೇಳು ವರ್ಷ ಹಿಡಿಯಿತು. ಮೇ ತಿಂಗಳ ಸೆಖೆಯಲ್ಲಿ ಅಂಗಿಯ ಒಳಗೆ ಎರಡು ಬನಿಯನ್ ಹಾಕಿಕೊಂಡು, ಬೆನ್ನು ಬಗ್ಗಿಸಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡು, ಹಾಸ್ಟೆಲಿನಲ್ಲಿ ಎಲ್ಲರೂ ಏಳುವ ಮೊದಲೇ ಸ್ನಾನ ಮುಗಿಸುತ್ತಿದ್ದ ಹದಿನೇಳು ವರ್ಷಗಳವು. ಆ ಹಾಸ್ಟೆಲಿನಲ್ಲಿ ನನಗಿಂತ ದಪ್ಪಗಿದ್ದ ಇನ್ನೊಬ್ಬನಿದ್ದ. ಅವನ ಎದೆಯನ್ನು ಆಡಿಕೊಂಡು ನಗುವಾಗ ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ, ಕಣ್ಣುಗಳು ನನ್ನ ಕಡೆಗೆ ತಿರುಗದಿರಲಿ ಎಂದು.

‘ಹುಡುಗರಲ್ಲಿ ಇದು ತಾನಾಗಿಯೇ ಇಳಿದುಹೋಗುತ್ತದಲ್ಲ, ಯಾಕಿಷ್ಟು ರಂಪ?’ ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಹರೆಯದಲ್ಲಿ ಬಂದದ್ದು ಬಹಳಷ್ಟು ಹುಡುಗರಲ್ಲಿ ಆರು ತಿಂಗಳಿಂದ ಎರಡು ವರ್ಷಗಳೊಳಗೆ ಇಳಿಯುತ್ತದೆ, ಆದ್ದರಿಂದ ಒಳ್ಳೆಯ ವೈದ್ಯರು ಕಾದು ನೋಡೋಣ ಎನ್ನುತ್ತಾರೆಯೇ ಹೊರತು ಚಾಕು ಹಿಡಿಯಲು ಆತುರಪಡುವುದಿಲ್ಲ. ಆದರೆ ‘ಇದು ಸಹಜ, ಕಾಯೋಣ’ ಎಂದು ವೈದ್ಯರ ಬಾಯಿಂದ ಕೇಳಿ ಕಾಯುವುದಕ್ಕೂ, ಮೂರು ಸಾಲು ಜನರ ನಗೆಯ ನಡುವೆ ಕಾಯುವುದಕ್ಕೂ ವ್ಯತ್ಯಾಸವಿಲ್ಲವೇ? ಇಳಿಯದೆ ಉಳಿದವರ ಗತಿಯೇನು? ಹೊಸದಾಗಿ ಬೆಳೆದು ನೋಯುತ್ತಿರುವಾಗ ಟ್ಯಾಮಾಕ್ಸಿಫೆನ್‌ನಂತಹ ಮಾತ್ರೆಗಳು ಕೆಲವರಿಗೆ ಉಪಯೋಗಕ್ಕೆ ಬರುತ್ತವೆ. ವರ್ಷ ಕಳೆದು ಗ್ರಂಥಿ ನಾರುಗಟ್ಟಿದ ಮೇಲೆ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ನಾವು ಆ ವರ್ಷವನ್ನು ಓಡಿಸಿ ಓಡಿಸಿಯೇ ಕಳೆದುಬಿಡುತ್ತೇವೆ.

ದೊಡ್ಡವರ ವಿಷಯದಲ್ಲಂತೂ ಈ ‘ಓಡಿದರೆ ಕರಗುತ್ತದೆ’ ಎಂಬ ಉಪದೇಶ ಅಪಾಯಕಾರಿ. ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಸ್ಪೈರೊನೊಲ್ಯಾಕ್ಟೋನ್, ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳು, ಜಿಮ್ಮಿನಲ್ಲಿ ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡು, ಕುಡಿತದಿಂದ ಕೆಟ್ಟ ಯಕೃತ್ತು, ಥೈರಾಯ್ಡ್, ಅಪರೂಪಕ್ಕೆ ವೃಷಣದ ಗಡ್ಡೆ, ಇವೆಲ್ಲವೂ ಎದೆಯಲ್ಲಿಯೇ ಮೊದಲು ಸುಳಿವು ಕೊಡಬಹುದು. ಒಂದೇ ಬದಿಯಲ್ಲಿ ಕಲ್ಲಿನಂಥ ಗಂಟು ಬಂದರೆ, ತೊಟ್ಟಿನಿಂದ ರಕ್ತ ಒಸರಿದರೆ ಕ್ಯಾನ್ಸರಿನ ಪರೀಕ್ಷೆಯನ್ನೂ ಮಾಡಿಸಬೇಕು. ಸ್ತನ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಗಂಡಸರು ಒಬ್ಬರೂ ಸಿಗಲಿಕ್ಕಿಲ್ಲ, ಆದರೆ ಬಂದವನು ರವಿಕೆಯ ಮಾತಿಗೆ ಹೆದರಿ ತಡವಾಗಿ ಬರುತ್ತಾನೆ.

ನನ್ನ ಆಪರೇಷನ್ ಮೂವತ್ತೊಂದರಲ್ಲಿ ಆಯಿತು. ಲೈಪೋಸಕ್ಷನ್ ಮಾಡಿ ಕೊಬ್ಬನ್ನು ಹೀರಿ, ತೊಟ್ಟಿನ ಕಪ್ಪು ಅಂಚಿನಲ್ಲಿ ಅರ್ಧಚಂದ್ರದಂತೆ ಕೊಯ್ದು ಗ್ರಂಥಿಯನ್ನು ಹೊರತೆಗೆದರು. ಆರು ವಾರ ಬಿಗಿಯಾದ ಒತ್ತುಬನಿಯನ್ ಹಾಕಿಕೊಂಡಿದ್ದೆ. ಎಡತೊಟ್ಟಿನ ಸ್ಪರ್ಶ ಪೂರ್ತಿ ಮರಳಲು ತಿಂಗಳುಗಳೇ ಬೇಕಾದವು. ವಿಮಾ ಕಂಪನಿಯವರು ಇದು ಸೌಂದರ್ಯ ಚಿಕಿತ್ಸೆ ಎಂದು ಒಂದು ರೂಪಾಯಿಯನ್ನೂ ಕೊಡಲಿಲ್ಲ. ನೆಂಟರಿಗೆ ನಗೆಪಾಟಲು, ಕಂಪನಿಗೆ ನನ್ನ ಶೃಂಗಾರ! ಏಳನೆಯ ಶತಮಾನದಲ್ಲಿಯೇ ಈಜೀನಾದ ಪಾಲ್ ಎಂಬ ಗ್ರೀಕ್ ವೈದ್ಯ, ಹೆಣ್ಣಿಗನೆಂಬ ನಿಂದೆಗೆ ಗುರಿಮಾಡುವುದರಿಂದ ಇದನ್ನು ಕೊಯ್ದು ತೆಗೆಯುವುದು ಯೋಗ್ಯವೆಂದು ಬರೆದು, ಎದೆಯ ಕೆಳಗೆ ಚಂದ್ರಾಕಾರದಲ್ಲಿ ಕೊಯ್ಯುವ ಕ್ರಮವನ್ನೂ ವಿವರಿಸಿದ್ದ. ಅವನಿಗೆ ಅಂದು ತಿಳಿದದ್ದು ಕಂಪನಿಗೆ ಇನ್ನೂ ತಿಳಿದಿಲ್ಲ.

ಮನೆಯಲ್ಲಿ ನಾನು ಹರ್ನಿಯಾ ಆಪರೇಷನ್ ಎಂದು ಹೇಳಿದ್ದೆ. ಇಷ್ಟು ವರ್ಷ ಆ ಸುಳ್ಳು ಸುಖವಾಗಿತ್ತು. ಮುಂಜಿಯ ರಾತ್ರಿ ಹುಡುಗನ ಅಪ್ಪನಿಗೆ ಫೋನ್ ಮಾಡಿ, ಓಡಿಸುವುದನ್ನು ಬಿಟ್ಟು ವೈದ್ಯರಿಗೆ ಒಮ್ಮೆ ತೋರಿಸಲು ಹೇಳಿದೆ. ‘ನಿನಗೇನೋ ಗೊತ್ತು ಇದೆಲ್ಲ?’ ಎಂದ. ಹೇಳಿಬಿಟ್ಟೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ತಾನು ನಗಬಾರದಿತ್ತು ಎಂದ. ಗುರುವಾರಕ್ಕೆ ವೈದ್ಯರ ಬಳಿ ಹೊತ್ತು ಗೊತ್ತುಮಾಡಿಕೊಂಡಿದ್ದಾನೆ.

ಮರುದಿನ ಬೆಳಿಗ್ಗೆ ಏಳಕ್ಕೇ ಅಕ್ಕನ ಫೋನ್ ಬಂತು. ನಮ್ಮ ಬಳಗದಲ್ಲಿ ಸುದ್ದಿ ಹರಡುವ ವೇಗ ನಿಮಗೆಲ್ಲ ಗೊತ್ತೇ ಇದೆ. ಹೇಗೂ ಹರಡಿದೆ ಎಂದ ಮೇಲೆಯೇ ನಾನಿದನ್ನು ಬರೆಯುವ ಧೈರ್ಯ ಮಾಡಿದ್ದು. ಅವಳು ಕುಶಲ ವಿಚಾರಿಸಲಿಲ್ಲ, ಅಳಲಿಲ್ಲ, ನಗಲೂ ಇಲ್ಲ. ‘ಅಂದ್ರೆ ನಿಂಗೆ ಹರ್ನಿಯಾ ಆಗಿರ್ಲೇ ಇಲ್ವೇನೋ? ನಾನು ಗಣಪತಿಗೆ ಇಪ್ಪತ್ತೊಂದು ಕಾಯಿ ಒಡೆಸಿದ್ನಲ್ಲೋ!’