ಸಮುದ್ರ ಕಾಣುವ ಮನೆ ಕೊಳ್ಳುವ ಮುಂಚೆ ಒಮ್ಮೆ ಪಾರ್ಕಿಂಗ್‌ಗೆ ಇಳಿದು ನೋಡಿ

ಅಮೆರಿಕದ ಫ್ಲೋರಿಡಾ ರಾಜ್ಯದ ಮಯಾಮಿ ಬೀಚ್ ಕಡೆ ಕಾಂಡೊ, ಅಂದರೆ ಅಪಾರ್ಟ್‌ಮೆಂಟ್ ಮನೆ, ಕೊಳ್ಳಬೇಕು ಅನ್ನುವ ಆಸೆ ನನಗೆ ಗೊತ್ತಿರುವ ಕೆಲವರಿಗೆ ಇದೆ. ಆಸೆ ತಪ್ಪಲ್ಲ. ಪರದೆ ಸರಿಸಿದರೆ ಎದುರಿಗೇ ಅಟ್ಲಾಂಟಿಕ್, ಕೆಳಗೆ ಈಜುಕೊಳ, ಮೆಟ್ಟಿಲಿಳಿದರೆ ಮರಳು. ಯಾರಿಗೆ ಬೇಡ ಹೇಳಿ? ಆದರೆ ಅವರು ಬ್ರೋಕರ್ ಹತ್ತಿರ ಕೇಳುವುದೆಲ್ಲ ಎಷ್ಟನೇ ಮಹಡಿ, ಬಾಲ್ಕನಿ ಯಾವ ಕಡೆಗೆ, ಜಿಮ್ ಹೇಗಿದೆ ಅಂತ. ಕಟ್ಟಡದ ರಿಪೇರಿ ನಿಧಿಯಲ್ಲಿ ಎಷ್ಟು ದುಡ್ಡಿದೆ ಅಂತ ಒಬ್ಬರೂ ಕೇಳುವುದಿಲ್ಲ. ಇದು ನೋಡಿ ನನಗೆ ನಿಜಕ್ಕೂ ಭಯ ಆಗುತ್ತದೆ.

ಸರ್ಫ್‌ಸೈಡ್ ನೆನಪಿದೆ ಅಲ್ವಾ? ಮಯಾಮಿ ಬೀಚ್‌ಗೆ ಅಂಟಿಕೊಂಡಿರುವ ಪುಟ್ಟ ಊರು. ಅಲ್ಲಿ 1981ರಲ್ಲಿ ಕಟ್ಟಿದ 12 ಮಹಡಿಯ ಚಾಂಪ್ಲೇನ್ ಟವರ್ಸ್ ಸೌತ್, 2021ರ ಜೂನ್ 24ರಂದು, ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ ಕುಸಿಯಿತು. 98 ಜನ ಸತ್ತರು. ಅದು ಬಡವರ ಕಟ್ಟಡ ಆಗಿರಲಿಲ್ಲ. ಸಮುದ್ರದ ಎದುರೇ ಇದ್ದ, ಒಳ್ಳೆ ಬೆಲೆ ಬಾಳುತ್ತಿದ್ದ ಮನೆಗಳು.

ನನ್ನನ್ನು ಜಾಸ್ತಿ ಕಾಡುವುದು ಅದಕ್ಕೂ ಹಿಂದಿನ ಕಥೆ. 2018ರಲ್ಲೇ ಒಬ್ಬ ಎಂಜಿನಿಯರ್ ವರದಿ ಕೊಟ್ಟಿದ್ದರು. ಈಜುಕೊಳದ ಸುತ್ತಲಿನ ಸ್ಲ್ಯಾಬಿಗೆ ನೀರು ಹರಿದುಹೋಗುವ ಇಳಿಜಾರೇ ಇಲ್ಲ, ವಾಟರ್‌ಪ್ರೂಫಿಂಗ್ ಹಾಳಾಗಿದೆ, ಕೆಳಗಿನ ಕಾಂಕ್ರೀಟ್‌ಗೆ ದೊಡ್ಡ ಹಾನಿ ಆಗಿದೆ ಎಂದು ಬರೆದಿದ್ದರು. ಆಗ ರಿಪೇರಿಗೆ ಅಂದಾಜು ಮಾಡಿದ್ದು 90 ಲಕ್ಷ ಡಾಲರ್ ಆಸುಪಾಸು. ಮೀಟಿಂಗ್ ಮೇಲೆ ಮೀಟಿಂಗ್, ಜಗಳ, ಮಾಲೀಕರ ಸಂಘದ ಬೋರ್ಡಿನವರ ರಾಜೀನಾಮೆ. 2021ಕ್ಕೆ ಬರುವ ಹೊತ್ತಿಗೆ ಒಟ್ಟು ಕೆಲಸದ ಲೆಕ್ಕ ಒಂದೂವರೆ ಕೋಟಿ ಡಾಲರ್ ದಾಟಿತ್ತು. ಆ ದುಡ್ಡು ಕೂಡಿಸಲು ಹೊರಟಿದ್ದಾಗಲೇ ಕಟ್ಟಡ ಹೋಯಿತು.

ಕಡಲ ಉಪ್ಪುಗಾಳಿಯೇ ಕಟ್ಟಡವನ್ನು ತಿಂದುಹಾಕಿತು ಅಂತ ನಮಗೆ ಅನ್ನಿಸಬಹುದು. ಆದರೆ ಅದೊಂದೇ ಕಾರಣ ಅಂತ ಹೇಳುವುದು ಸರಿಯಲ್ಲ. ತನಿಖೆ ಕೈಗೆತ್ತಿಕೊಂಡ ಅಮೆರಿಕ ಸರ್ಕಾರದ ಎನ್‌ಐಎಸ್‌ಟಿ ಸಂಸ್ಥೆ, ಈಜುಕೊಳದ ಡೆಕ್, ಅಂದರೆ ಸುತ್ತಲಿನ ಆ ಸ್ಲ್ಯಾಬಿನ ವಿನ್ಯಾಸವೇ ಆ ಕಾಲದ ನಿಯಮಕ್ಕೆ ತಕ್ಕಷ್ಟು ಗಟ್ಟಿ ಇರಲಿಲ್ಲ ಎಂದು ಕಂಡುಕೊಂಡಿದೆ. ಆಮೇಲೆ ಅದರ ಮೇಲೆ ಹೂಕುಂಡ, ಮರಳು, ಹಾಸುಗಲ್ಲು ಅಂತ ಭಾರವೂ ಸೇರಿತ್ತು. ಅಂದ ಹೆಚ್ಚಿಸಲು ಹಾಕಿದ್ದೇ ತೂಕ ಹೆಚ್ಚಿಸಿತು.

ಆದರೂ ಕಡಲ ಪಕ್ಕದ ಪ್ರತಿ ಕಟ್ಟಡಕ್ಕೂ ಉಪ್ಪಿನ ಕಾಟ ತಪ್ಪಿದ್ದಲ್ಲ. ಕಾಂಕ್ರೀಟ್ ಕ್ಷಾರ ಗುಣದ್ದು. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯದಂತೆ ಅದೇ ಕಾಯುತ್ತದೆ. ಗಾಳಿಯಲ್ಲಿ ಬರುವ ಉಪ್ಪಿನ ಅಂಶವಾದ ಕ್ಲೋರೈಡ್ ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿಳಿದು ಸರಳು ಮುಟ್ಟಿತು ಅಂದರೆ ಆ ಕಾವಲು ಮುರಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಸೀಳಿದ ಮೇಲೆ ಇನ್ನೂ ನೀರು, ಇನ್ನೂ ಉಪ್ಪು. ಮುಂದೂಡಿದ ರಿಪೇರಿ ದುಬಾರಿ ಆಗುವುದು ಇದಕ್ಕೇ.

ಸ್ನೇಹಿತರೊಬ್ಬರ ಜೊತೆ ಅಂಥದ್ದೊಂದು ಕಟ್ಟಡ ನೋಡಲು ಹೋಗಿದ್ದೆ. ಲಾಬಿಯಲ್ಲಿ ಅಮೃತಶಿಲೆ, ಎಲ್ಲೆಲ್ಲೂ ಸುಗಂಧ. ಪಾರ್ಕಿಂಗ್‌ಗೆ ಇಳಿದೆವು. ಸೂರಿನಲ್ಲಿ ಕಂದು ಬಣ್ಣದ ಗೆರೆಗಳು. ಬಿರುಕಿನ ಉದ್ದಕ್ಕೂ ಸುಣ್ಣದಂಥ ಬಿಳಿ ಪುಡಿ ಕಟ್ಟಿಕೊಂಡಿತ್ತು. ಒಂದು ಕಡೆ ಕಾಂಕ್ರೀಟ್ ಚಕ್ಕೆ ಎದ್ದು ಸರಳು ಕಾಣುತ್ತಿತ್ತು. ಅದರ ಕೆಳಗೇ ಒಂದು ಹೊಸ ಕಾರು ನಿಂತಿತ್ತು. ತೋರಿಸಲು ಬಂದವರು, ಅದೆಲ್ಲ ಮಾಮೂಲು, ಬಣ್ಣ ಹೊಡೆಸುತ್ತಾರೆ ಅಂದರು. ಬಣ್ಣದಿಂದ ತುಕ್ಕು ಹೋಗುವುದಿಲ್ಲ ಸ್ವಾಮಿ.

ಮೊದಲೆಲ್ಲ ಫ್ಲೋರಿಡಾದಲ್ಲಿ ಮಾಲೀಕರೇ ವೋಟ್ ಹಾಕಿ, ಈ ವರ್ಷ ರಿಪೇರಿ ನಿಧಿಗೆ ದುಡ್ಡು ಇಡುವುದು ಬೇಡ ಅಂತ ತೀರ್ಮಾನ ಮಾಡಬಹುದಿತ್ತು. ತಿಂಗಳ ಮೇಂಟೆನೆನ್ಸ್ ಕಡಿಮೆ ಆದರೆ ಎಲ್ಲರಿಗೂ ಖುಷಿ. ಇನ್ನೈದು ವರ್ಷಕ್ಕೆ ಮಾರಿ ಹೋಗುವವರಿಗೆ ಮೂವತ್ತು ವರ್ಷದ ಚಿಂತೆ ಯಾಕೆ? 2022ರಲ್ಲಿ ಹೊಸ ಕಾನೂನು ಬಂತು. ಮೂರು ಮಹಡಿ ಅಥವಾ ಅದಕ್ಕಿಂತ ಎತ್ತರದ ಕಾಂಡೊಗಳಿಗೆ 30 ವರ್ಷ ಆದಾಗ ತಪಾಸಣೆ ಕಡ್ಡಾಯ. ಕಡಲ ಹತ್ತಿರದವಕ್ಕೆ 25 ವರ್ಷಕ್ಕೇ ಮಾಡಿಸು ಅನ್ನಬಹುದು. ಕಟ್ಟಡದ ಗಟ್ಟಿತನಕ್ಕೆ ಬೇಕಾದ ನಿಧಿಯನ್ನು ವೋಟ್ ಹಾಕಿ ತಪ್ಪಿಸುವ ದಾರಿಯನ್ನೂ ಮುಚ್ಚಿದರು. 2025ರಲ್ಲಿ, ನಿಧಿಗೆ ಸಾಲ ಪಡೆಯಬಹುದು ಅಂತ ಸ್ವಲ್ಪ ಸಡಿಲ ಬಿಟ್ಟಿದ್ದಾರೆ.

ಇದರಿಂದ ನೋವು ತಿಂದವರೂ ಇದ್ದಾರೆ. ದಶಕಗಳ ಹಿಂದೆ ಕಡಿಮೆ ಬೆಲೆಗೆ ಕೊಂಡು, ಈಗ ಪಿಂಚಣಿಯಲ್ಲಿ ಬದುಕುತ್ತಿರುವ ವಯಸ್ಸಾದವರು. ಅವರ ಬಾಗಿಲಿಗೆ ಒಮ್ಮೆಲೇ ಹತ್ತಾರು ಸಾವಿರ ಡಾಲರಿನ ಬಿಲ್ ಬರುತ್ತದೆ. ಕಟ್ಟಲಾಗದೆ ಮಾರುತ್ತಾರೆ. ಕೊಳ್ಳಲು ಬಿಲ್ಡರ್‌ಗಳು ಕಾದು ಕೂತಿರುತ್ತಾರೆ, ಹಳೆಯದನ್ನು ಕೆಡವಿ ಇನ್ನೂ ಎತ್ತರದ್ದು ಕಟ್ಟಲು. ಕುಸಿದ ಕಟ್ಟಡದ ಜಾಗವೇ 2022ರಲ್ಲಿ 12 ಕೋಟಿ ಡಾಲರಿಗೆ ಮಾರಾಟವಾಯಿತು. ಅಲ್ಲೂ ಐಷಾರಾಮಿ ಮನೆಗಳೇ ಏಳುವುದು. ಈ ಹಿರಿಯರಿಗೆ ಕಡಿಮೆ ಬಡ್ಡಿಯ ಸಾಲವನ್ನು ಸರ್ಕಾರವೇ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ತಪಾಸಣೆ ಮುಂದೂಡಿ ಅನ್ನುವವರ ಜೊತೆ ನಾನು ನಿಲ್ಲಲಾರೆ. ಅವರ ತಲೆ ಮೇಲೂ ಅದೇ ಸ್ಲ್ಯಾಬ್ ಇದೆ.

ಹೊಸ ಕಟ್ಟಡ ಆದರೆ ಚಿಂತೆ ಇಲ್ಲ ಅನ್ನುತ್ತೀರಾ? 1992ರ ಆಂಡ್ರೂ ಚಂಡಮಾರುತದ ನಂತರ ಕಿಟಕಿ ಗಾಜಿನ ನಿಯಮ ಬಿಗಿ ಆಗಿದೆ, ಒಪ್ಪುತ್ತೇನೆ. ಆದರೆ ಮಯಾಮಿ ವಿಶ್ವವಿದ್ಯಾಲಯದವರು ಉಪಗ್ರಹದ ಮಾಹಿತಿಯಿಂದ ಮಾಡಿದ ಅಧ್ಯಯನ 2024ರಲ್ಲಿ ಬಂತು. ಆ ಕಡಲ ಸಾಲಿನ 35 ಕಟ್ಟಡಗಳು 2016ರಿಂದ 2023ರ ನಡುವೆ 2ರಿಂದ 8 ಸೆಂಟಿಮೀಟರ್ ತಗ್ಗಿವೆ. ಅದರಲ್ಲಿ ಹೊಸವೂ ಇವೆ. ತಗ್ಗಿದ್ದೆಲ್ಲ ಬೀಳುತ್ತದೆ ಅಂತಲ್ಲ. ಆದರೆ ಕಣ್ಣಿಡಲೇಬೇಕು.

ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಮೂರು ಕಾಗದ ಕೇಳಿ: ಕೊನೆಯ ಎಂಜಿನಿಯರ್ ವರದಿ, ರಿಪೇರಿ ನಿಧಿಯ ಲೆಕ್ಕ, ಹೋದ ಎರಡು ವರ್ಷದ ಅಸೋಸಿಯೇಷನ್ ಮೀಟಿಂಗ್ ನಡಾವಳಿ. ಮೊದಲು ಓದಬೇಕಾದ್ದು ನಡಾವಳಿ. ಸೋರುವ ಸೂರಿನ ಬಗ್ಗೆ ಯಾರಾದರೂ ಎದ್ದು ಕೇಳಿದ್ದರೆ ಅದು ಅಲ್ಲಿರುತ್ತದೆ, ಅವರಿಗೆ ಸಿಕ್ಕ ಉತ್ತರವೂ ಇರುತ್ತದೆ.